ಅಪ್‌ವರ್ಡ್ ಅಥವಾ ರೈನ್‌ವಾಶ್ಡ್: ಎರಡು ತಿಳಿ ನೀಲಿಗಳಲ್ಲಿ ನಿಮ್ಮ ಗೋಡೆಗೆ ಯಾವುದು?

ಶೆರ್ವಿನ್-ವಿಲಿಯಮ್ಸ್ ಪೇಂಟ್ ಕಂಪನಿಯ ಶೇಡ್ ಕಾರ್ಡಿನಲ್ಲಿ ತಿಳಿ ನೀಲಿ ಹುಡುಕುತ್ತ ಹೋದರೆ ಕೊನೆಗೆ ಕೈಯಲ್ಲಿ ಉಳಿಯುವುದು ಹಲವು ಸಲ ಎರಡೇ ಚೀಟಿ. ಒಂದು 6239ನೇ ಸಂಖ್ಯೆಯ ಅಪ್‌ವರ್ಡ್, ಕಂಪನಿ 2024ಕ್ಕೆ ವರ್ಷದ ಬಣ್ಣವೆಂದು ಆರಿಸಿದ್ದು. ಇನ್ನೊಂದು 6211ನೇ ಸಂಖ್ಯೆಯ ರೈನ್‌ವಾಶ್ಡ್, ಮಲಗುವ ಕೋಣೆಗೂ ಸ್ನಾನದ ಮನೆಗೂ ಜನ ಇಷ್ಟಪಟ್ಟು ಬಳಿಸುವ ಬಣ್ಣ. ಅಂಗಡಿಯ ದೀಪದಡಿ ಪಕ್ಕಪಕ್ಕ ಹಿಡಿದರೆ ಇವು ಅಕ್ಕತಂಗಿಯರಂತೆ ಕಾಣುತ್ತವೆ. ನಾಲ್ಕು ಗೋಡೆಗೆ ಹತ್ತಿದ ಮೇಲೆ ಒಂದರ ಮುಖ ಇನ್ನೊಂದಕ್ಕೆ ಹೋಲುವುದಿಲ್ಲ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ನೇರ ಬಿಸಿಲು ಬೀಳುವ ಕೋಣೆಗೆ ಅಪ್‌ವರ್ಡ್. ಬಿಸಿಲು ಕಾಣದ ಕೋಣೆಗೆ ರೈನ್‌ವಾಶ್ಡ್. ಇದನ್ನು ಅದಲುಬದಲು ಮಾಡಿದರೆ ಎರಡೂ ಬಣ್ಣ ಕೆಡುತ್ತವೆ. ಏಕೆ ಹಾಗೆ ಎನ್ನುವುದು ತಿಳಿದರೆ ಮೂರನೆಯ, ನಾಲ್ಕನೆಯ ಬಣ್ಣ ಎದುರಾದಾಗಲೂ ನೀವೇ ನಿರ್ಧರಿಸಬಹುದು.

ಚೀಟಿಯ ಹಿಂದಿನ ಸಂಖ್ಯೆ ಹೇಳುವುದೇನು

ಚೀಟಿಯ ಹಿಂಬದಿಯಲ್ಲಿ ಎಲ್‌ಆರ್‌ವಿ ಎಂಬ ಸಂಖ್ಯೆ ಇರುತ್ತದೆ. ಬಣ್ಣದ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟು ಪಾಲು ಹಿಂದಕ್ಕೆ ಬರುತ್ತದೆ ಎನ್ನುವ ಅಳತೆ ಅದು. ಸೊನ್ನೆ ಎಂದರೆ ಕಡುಗಪ್ಪು, 100 ಎಂದರೆ ಅಪ್ಪಟ ಬಿಳಿ. ಅಪ್‌ವರ್ಡ್‌ನದು 57, ರೈನ್‌ವಾಶ್ಡ್‌ನದು 59. ಎರಡು ಅಂಕದ ಈ ವ್ಯತ್ಯಾಸ ಕಣ್ಣಿಗೆ ಹೆಚ್ಚುಕಡಿಮೆ ತಿಳಿಯುವುದೇ ಇಲ್ಲ. ಹಾಗಾಗಿ 'ಯಾವುದು ಕೋಣೆಯನ್ನು ಬೆಳಗಿಸುತ್ತದೆ' ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಇಬ್ಬರೂ ಒಂದೇ ಎತ್ತರದವರು.

ಬೇರೆಯಾಗುವುದು ಒಳಛಾಯೆಯಲ್ಲಿ. ಕಂಪ್ಯೂಟರ್ ತೆರೆಗೆ ಕಂಪನಿ ಕೊಡುವ ಕೆಂಪು, ಹಸಿರು, ನೀಲಿ ಸಂಖ್ಯೆಗಳನ್ನು ನೋಡಿ. ಅಪ್‌ವರ್ಡ್‌ಗೆ ಅವು 191, 201, 208. ನೀಲಿಯೇ ಎಲ್ಲಕ್ಕಿಂತ ಮೇಲೆ, ಕೆಂಪು ಎಲ್ಲಕ್ಕಿಂತ ಕೆಳಗೆ. ಇದು ಬೂದಿ ಬೆರೆತ ನೀಲಿ ಎನ್ನುವುದರಲ್ಲಿ ಅನುಮಾನವಿಲ್ಲ. ರೈನ್‌ವಾಶ್ಡ್‌ಗೆ ಅವು 194, 205, 197. ಇಲ್ಲಿ ಮೇಲಿರುವುದು ಹಸಿರು. ನೀಲಿ ಇರುವುದು ಕೆಂಪಿಗಿಂತ ಬರೀ ಮೂರು ಅಂಕ ಮೇಲೆ. ಲೆಕ್ಕಕ್ಕೆ ಹಿಡಿದರೆ ಇದು ಬೂದು ಹಸಿರೇ ಹೊರತು ನೀಲಿಯಲ್ಲ! ಆದರೂ ಎಷ್ಟೋ ಮನೆಗಳಲ್ಲಿ ಇದು ನೀಲಿಯಾಗಿಯೇ ಕಾಣುತ್ತದೆ, ನೀಲಿ ಎಂದೇ ಕೊಳ್ಳುತ್ತಾರೆ. ಈ ಬಣ್ಣ ತನ್ನ ನೀಲಿಯನ್ನು ಕಿಟಕಿಯಿಂದ ಎರವಲು ತರುತ್ತದೆ. ಕಿಟಕಿ ಕೊಡದಿದ್ದರೆ ಅದರ ಹತ್ತಿರ ಇಲ್ಲ. ಇಡೀ ಆಯ್ಕೆಯ ಗುಟ್ಟು ಇಷ್ಟೇ.

ಚೀಟಿಯಲ್ಲಿ ಮೆದುವಾಗಿದ್ದ ಬಣ್ಣ ಗೋಡೆಯಲ್ಲಿ ಗಾಢವಾಯಿತು ಎಂಬ ದೂರು ಎಲ್ಲ ತಿಳಿ ನೀಲಿಗಳಿಗೂ ಬರುತ್ತದೆ. ಅಂಗಡಿಯವರು ತಪ್ಪು ಕಲಸಿದ್ದಾರೆ ಎಂದು ಡಬ್ಬಿ ಹಿಡಿದು ವಾಪಸು ಹೋಗುವವರೂ ಇದ್ದಾರೆ. ಹೆಚ್ಚಿನ ಸಲ ಕಲಸಿದ್ದು ಸರಿಯೇ ಇರುತ್ತದೆ. ಚೀಟಿಗೆ ತಾಗಿದ ಬೆಳಕು ಒಮ್ಮೆ ಪುಟಿದು ಕಣ್ಣಿಗೆ ಬರುತ್ತದೆ. ಕೋಣೆಯಲ್ಲಿ ಅದೇ ಬೆಳಕು ಒಂದು ಗೋಡೆಯಿಂದ ಎದುರು ಗೋಡೆಗೆ, ಅಲ್ಲಿಂದ ಮತ್ತೆ ಮೂಲೆಗೆ ಓಡಾಡುತ್ತದೆ, ಪ್ರತಿ ಸಲವೂ ಗೋಡೆ ಅದರ ಕೆಂಪನ್ನು ಇನ್ನಷ್ಟು ನುಂಗುತ್ತದೆ. ಮೇಲಿನ ಸಂಖ್ಯೆಗಳನ್ನು ನಿಜವಾದ ಪ್ರತಿಫಲನಕ್ಕೆ ಪರಿವರ್ತಿಸಿ ನೋಡಿದರೆ, ಅಪ್‌ವರ್ಡ್‌ಗೆ ತಾಗಿದ ಬಿಳಿ ಬೆಳಕಿನಲ್ಲಿ ನೀಲಿ 100 ಪಾಲು ಉಳಿದಾಗ ಕೆಂಪು ಸುಮಾರು 83 ಪಾಲು ಉಳಿದಿರುತ್ತದೆ. ಎರಡನೇ ಗೋಡೆಗೆ ತಾಗಿದ ಮೇಲೆ ಅದು 68, ಮೂರನೆಯದಕ್ಕೆ 56. ಮೂಲೆಗಳು ನಡುಗೋಡೆಗಿಂತ ಹೆಚ್ಚು ನೀಲಿಯಾಗಿ ಕಾಣುವುದು, ಸಣ್ಣ ಕೋಣೆ ದೊಡ್ಡ ಕೋಣೆಗಿಂತ ಗಾಢವೆನಿಸುವುದು ಇದರಿಂದಲೇ. ರೈನ್‌ವಾಶ್ಡ್‌ನಲ್ಲಿ ಈ ಏರಿಕೆ ಕಡಿಮೆ. ಹಸಿರು 100 ಇದ್ದಾಗ ಕೆಂಪು ಮೊದಲ ಪುಟಿತಕ್ಕೆ 88, ಮೂರನೆಯದಕ್ಕೆ 69. ಆದ್ದರಿಂದ ಇಕ್ಕಟ್ಟಾದ ಕೋಣೆಯಲ್ಲಿ, ಮೇಲ್ಛಾವಣಿಗೂ ಅದೇ ಬಣ್ಣ ಬಳಿಯುವಲ್ಲಿ ರೈನ್‌ವಾಶ್ಡ್ ಹೆಚ್ಚು ಸೌಮ್ಯವಾಗಿ ಉಳಿಯುತ್ತದೆ.

ಕಿಟಕಿ ಯಾವ ಕಡೆಗಿದೆ

ನೇರ ಬಿಸಿಲು ಬಾರದ ಕಿಟಕಿ, ಅಂದರೆ ಹೆಚ್ಚಾಗಿ ಉತ್ತರಾರ್ಧಗೋಳದಲ್ಲಿ ಉತ್ತರಕ್ಕೂ ದಕ್ಷಿಣಾರ್ಧಗೋಳದಲ್ಲಿ ದಕ್ಷಿಣಕ್ಕೂ ತೆರೆಯುವ ಕಿಟಕಿ, ಒಳಗೆ ಬಿಡುವುದು ಬಾನಿನ ಬೆಳಕನ್ನು. ಅದು ತಾನೇ ನೀಲಿ. ಆ ಬೆಳಕಿನಲ್ಲಿ ಅಪ್‌ವರ್ಡ್ ತಣ್ಣಗಾಗುತ್ತದೆ. ಬೂದಿ ಹಿಂದೆ ಸರಿದು ನೇರಳೆಯ ಎಳೆಯೊಂದು ಎದ್ದು ಬರುತ್ತದೆ. ಮೋಡ ಕವಿದ ದಿನ ಉಕ್ಕಿನ ತಗಡಿನಂತೆ ಕಾಣುವುದೂ ಉಂಟು. ಅದೇ ಕೋಣೆಯಲ್ಲಿ ರೈನ್‌ವಾಶ್ಡ್ ತನ್ನ ಅತ್ಯುತ್ತಮ ರೂಪಕ್ಕೆ ಬರುತ್ತದೆ. ಬಾನಿನ ನೀಲಿ ಅದರ ಹಸಿರಿನೊಂದಿಗೆ ಸೇರಿ ಮಳೆ ನಿಂತ ಮೇಲಿನ ಕೆರೆನೀರಿನ ಬಣ್ಣವಾಗುತ್ತದೆ. ಹಸಿರಿನ ಅಂಶ ಇರುವುದರಿಂದ ಎಷ್ಟೇ ತಣ್ಣನೆಯ ಬೆಳಕಿದ್ದರೂ ಗೋಡೆ ಮುಖ ಗಂಟಿಕ್ಕಿದಂತೆ ಕಾಣದು.

ಬಿಸಿಲು ಧಾರಾಳವಾಗಿ ಬರುವ ಕೋಣೆಯಲ್ಲಿ ಕಥೆ ಉಲ್ಟಾ. ನೇರ ಬಿಸಿಲಿನಲ್ಲಿ, ಅದರಲ್ಲೂ ಇಳಿಹೊತ್ತಿನಲ್ಲಿ, ಹಳದಿ ಕೆಂಪು ಹೆಚ್ಚು. ಅಪ್‌ವರ್ಡ್‌ನ ನೀಲಿ ಅದನ್ನು ತಡೆದುಕೊಳ್ಳುತ್ತದೆ, ಒಂದಿಷ್ಟು ಬೆಚ್ಚಗಾಗಿ ತಿಳಿಯಾಗುತ್ತದೆ, ಆದರೂ ನೀಲಿಯೇ. ರೈನ್‌ವಾಶ್ಡ್‌ನ ಮೂರು ಅಂಕದ ನೀಲಿ ಮಧ್ಯಾಹ್ನ ಎರಡು ಗಂಟೆಗೇ ಮಾಯವಾಗಿ ಗೋಡೆ ತಿಳಿಹಸಿರಾಗಿ ನಿಲ್ಲುತ್ತದೆ. ನೀಲಿ ಕೋಣೆ ಬೇಕೆಂದು ಬಳಿಸಿದವರಿಗೆ ಇದು ದೊಡ್ಡ ನಿರಾಸೆ. ಬಣ್ಣದ ತಪ್ಪಲ್ಲ, ಕೋಣೆಯ ಆಯ್ಕೆ ತಪ್ಪು.

ಪೂರ್ವದ ಕೋಣೆಯಲ್ಲಿ ಬೆಳಿಗ್ಗೆ ಬೆಚ್ಚಗೆ, ಮಧ್ಯಾಹ್ನದ ಮೇಲೆ ತಣ್ಣಗೆ. ಪಶ್ಚಿಮದಲ್ಲಿ ಇದರ ತಿರುಗುಮುರುಗು. ಇಂಥ ಕಡೆ, ನೀವು ಆ ಕೋಣೆಯಲ್ಲಿ ಯಾವ ಹೊತ್ತಿನಲ್ಲಿ ಇರುತ್ತೀರೋ ಆ ಹೊತ್ತಿನ ಬೆಳಕನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಕಿಟಕಿಯ ಹೊರಗೆ ದಟ್ಟ ಮರಗಳಿದ್ದರೆ ಒಳಗೆ ಬರುವುದು ಎಲೆಗಳಿಂದ ಪುಟಿದ ಹಸಿರು ಬೆಳಕು. ಅಲ್ಲಿ ರೈನ್‌ವಾಶ್ಡ್ ಇನ್ನೊಂದು ಪಟ್ಟು ಹಸಿರಾಗುತ್ತದೆ, ಅಪ್‌ವರ್ಡ್ ತನ್ನ ನೇರಳೆಯನ್ನು ಕಳೆದುಕೊಂಡು ಹದಕ್ಕೆ ಬರುತ್ತದೆ. ಬಿಸಿಲು ಬಾರದಿದ್ದರೂ ಅಪ್‌ವರ್ಡ್ ಅನ್ನು ಧೈರ್ಯವಾಗಿ ಬಳಿಯಬಹುದಾದ ಒಂದೇ ಸಂದರ್ಭ ಇದು ಎನ್ನಬಹುದು.

ಮುಸ್ಸಂಜೆಯ ಕೋಣೆಯಲ್ಲಿ ದೀಪ ಹಚ್ಚುವ ಮೊದಲು ಎರಡೂ ಬಣ್ಣ ಸುಮ್ಮನೆ ಹೊಳೆಯುತ್ತಿರುವಂತೆ ಕಾಣುತ್ತವೆ. ಬೆಳಕು ಕುಗ್ಗಿದಾಗ ಕಣ್ಣಿನ ಸೂಕ್ಷ್ಮತೆ ಕೆಂಪಿನಿಂದ ನೀಲಿ-ಹಸಿರಿನ ಕಡೆಗೆ ಸರಿಯುತ್ತದೆ. ಇದನ್ನು ಗುರುತಿಸಿದ ಶರೀರವಿಜ್ಞಾನಿ ಪುರ್ಕಿಂಜೆ ಹೆಸರಿನಲ್ಲೇ ಈ ಬದಲಾವಣೆಯನ್ನು ಕರೆಯುತ್ತಾರೆ. ಮರದ ಬಾಗಿಲು ಕಪ್ಪಾಗುತ್ತ ಹೋದಂತೆ ಗೋಡೆ ಮಾತ್ರ ಬೆಳಕು ಉಳಿಸಿಕೊಂಡಂತಿರುತ್ತದೆ. ತಿಳಿ ನೀಲಿ ಬಳಿಸಿದವರಿಗೆ ಸಿಗುವ ದೊಡ್ಡ ಸುಖ ಆ ಹದಿನೈದು ಇಪ್ಪತ್ತು ನಿಮಿಷ.

ದೀಪ ಹಚ್ಚಿದ ಮೇಲೆ

ರಾತ್ರಿಯ ಬಣ್ಣವನ್ನು ಬಲ್ಬ್ ತೀರ್ಮಾನಿಸುತ್ತದೆ. 2700 ಕೆಲ್ವಿನ್‌ನ ಬೆಚ್ಚನೆಯ ಬಲ್ಬಿನಡಿ ಅಪ್‌ವರ್ಡ್ ನೀಲಿಯನ್ನು ಬಿಟ್ಟುಕೊಟ್ಟು ತಟಸ್ಥ ಬೂದು ಆಗುತ್ತದೆ. ನೋಡಲು ಚೆನ್ನಾಗಿಯೇ ಇರುತ್ತದೆ, ನೀಲಿ ಮಾತ್ರ ಇರುವುದಿಲ್ಲ. ರೈನ್‌ವಾಶ್ಡ್ ಅದೇ ಬಲ್ಬಿನಡಿ ಒಣಗಿದ ಎಲೆಯ ಹಸಿರಿಗೆ ತಿರುಗುತ್ತದೆ. 4000 ಕೆಲ್ವಿನ್‌ಗೆ, ಅಂದರೆ ಇನ್ನಷ್ಟು ಬಿಳಿಯ ಬೆಳಕಿಗೆ, ಏರಿಸಿದರೆ ರೈನ್‌ವಾಶ್ಡ್ ಹಗಲಿನ ರೂಪಕ್ಕೆ ಹತ್ತಿರ ಬರುತ್ತದೆ, ಅಪ್‌ವರ್ಡ್ ಆಸ್ಪತ್ರೆಯ ಪಡಸಾಲೆಯಾಗುತ್ತದೆ. ಎರಡಕ್ಕೂ ನಮ್ಮ ಸಲಹೆ 3000 ಕೆಲ್ವಿನ್. ಜೊತೆಗೆ ಬಲ್ಬಿನ ಪೆಟ್ಟಿಗೆಯ ಮೇಲೆ ಸಿಆರ್‌ಐ, ಅಂದರೆ ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎನ್ನುವ ಅಳತೆ, 90 ಅಥವಾ ಅದಕ್ಕಿಂತ ಹೆಚ್ಚು ಎಂದಿರಲಿ. ಸಿಆರ್‌ಐ 80ರ ಎಷ್ಟೋ ಎಲ್‌ಇಡಿ ಬಲ್ಬುಗಳ ಬೆಳಕಿನಲ್ಲಿ ಕಡುಗೆಂಪು ಕೊರತೆ ಇರುತ್ತದೆ. ಮೊದಲೇ ಕೆಂಪು ಕಡಿಮೆಯಿರುವ ಈ ಗೋಡೆಗಳ ನಡುವೆ ಮುಖಗಳು ಕಳೆಗುಂದುತ್ತವೆ.

ಸ್ನಾನದ ಮನೆಯಲ್ಲಿ ಈ ಮಾತು ಇನ್ನೂ ಮುಖ್ಯ. ಕನ್ನಡಿಯ ಮುಂದೆ ನಿಂತವರ ಮುಖದ ಮೇಲೆ ಬೀಳುವ ಬೆಳಕಿನಲ್ಲಿ ಒಂದು ಪಾಲು ಸುತ್ತಲ ಗೋಡೆಗಳಿಂದ ಪುಟಿದು ಬಂದದ್ದು. ಗೋಡೆ ಹಸಿರಾದರೆ ಮುಖಕ್ಕೂ ಹಸಿರು ಛಾಯೆ. ರೈನ್‌ವಾಶ್ಡ್ ಬಳಿಯುವುದಾದರೆ ಕನ್ನಡಿಯ ಮೇಲೊಂದೇ ದೀಪ ಇಡುವ ಬದಲು ಎರಡೂ ಪಕ್ಕ ಒಂದೊಂದು ದೀಪವಿಡಿ. ಆಗ ಮುಖಕ್ಕೆ ನೇರ ಬೆಳಕು ಸಾಕಷ್ಟು ಸಿಕ್ಕಿ ಗೋಡೆಯ ಪಾಲು ಲೆಕ್ಕಕ್ಕೆ ಬಾರದಂತಾಗುತ್ತದೆ.

ಪಕ್ಕದಲ್ಲಿ ಏನಿದೆ

ಬಾಗಿಲು ಚೌಕಟ್ಟು, ಕಿಟಕಿ, ಮೇಲ್ಛಾವಣಿಯ ಬಿಳಿ ಯಾವುದು ಎನ್ನುವುದನ್ನು ಗೋಡೆಯ ಬಣ್ಣಕ್ಕಿಂತ ಮೊದಲೇ ನೋಡಿಕೊಳ್ಳಬೇಕು. ಅಪ್‌ವರ್ಡ್ ಪಕ್ಕದಲ್ಲಿ 7006 ಎಕ್ಸ್‌ಟ್ರಾ ವೈಟ್ ಅಥವಾ 7005 ಪ್ಯೂರ್ ವೈಟ್ ಸರಿಹೋಗುತ್ತದೆ. ಕೆನೆಬಣ್ಣದ ಕಡೆಗೆ ವಾಲುವ 7008 ಅಲಬಾಸ್ಟರ್ ಇಟ್ಟರೆ ನೀಲಿಯ ಎದುರು ಅದರ ಹಳದಿ ಎದ್ದು ಕಾಣುತ್ತದೆ, ಬಿಳಿ ಬಣ್ಣ ಹಳೆಯದಾಯಿತೇನೋ ಎನಿಸುತ್ತದೆ. ಅದೇ ಅಲಬಾಸ್ಟರ್ ರೈನ್‌ವಾಶ್ಡ್‌ಗೆ ಒಳ್ಳೆಯ ಜೊತೆ.

ನೆಲವೂ ಮಾತಾಡುತ್ತದೆ. ಜೇನುಬಣ್ಣದ ಮರದ ನೆಲ ಕಿತ್ತಳೆಯ ಕುಲದ್ದು. ನೀಲಿಗೂ ಕಿತ್ತಳೆಗೂ ಎದುರುಬದುರು ಸಂಬಂಧ. ಎರಡೂ ಒಂದನ್ನೊಂದು ಕೆರಳಿಸುತ್ತವೆ. ಅಪ್‌ವರ್ಡ್ ಇನ್ನಷ್ಟು ನೀಲಿಯಾಗಿ, ನೆಲ ಇನ್ನಷ್ಟು ಕಿತ್ತಳೆಯಾಗಿ ಕಾಣುತ್ತದೆ. ಕೆಂಪು ನೆಲ, ಕೆಂಪು ಛಾಯೆಯ ಮರದ ಪೀಠೋಪಕರಣ ಇರುವಲ್ಲಿ ಇದೇ ಕೆಲಸ ಕೆಂಪು-ಹಸಿರಿನ ನಡುವೆ ನಡೆದು ರೈನ್‌ವಾಶ್ಡ್ ಪೂರ್ತಿ ಹಸಿರಿನ ಪಾಳಯ ಸೇರುತ್ತದೆ. ಬೂದು ಅಥವಾ ಬಿಳಿಚು ನೆಲವಿದ್ದರೆ ಈ ಚಿಂತೆಯಿಲ್ಲ.

ಒಂದು ಬಾಗಿಲನ್ನೋ ಕಪಾಟನ್ನೋ ಗಾಢ ಮಾಡುವ ಆಸೆಯಿದ್ದರೆ ಅಪ್‌ವರ್ಡ್‌ನ ಚೀಟಿಯ ತುದಿಯಲ್ಲೇ 6244 ನೇವಲ್ ಇದೆ. ಎಲ್‌ಆರ್‌ವಿ 4 ಮಾತ್ರ ಇರುವ ಕಡುನೀಲಿ. ಒಂದೇ ಚೀಟಿಯವಾದ್ದರಿಂದ ಹೊಂದಾಣಿಕೆಗೆ ಕಷ್ಟಪಡಬೇಕಿಲ್ಲ.

ಮಾದರಿ ನೋಡುವ ಸರಿಯಾದ ಕ್ರಮ

ಅಂಗೈಯಗಲದ ಚೀಟಿ ನೋಡಿ ನಿರ್ಧರಿಸಬೇಡಿ. ಫೋನಿನಲ್ಲಿ ಕಂಡ ಫೋಟೊವನ್ನಂತೂ ನಂಬಲೇಬೇಡಿ; ಕ್ಯಾಮೆರಾ ತಾನಾಗಿ ಬಿಳಿಯನ್ನು ಸರಿಪಡಿಸುವಾಗ ಮೊದಲು ಅಳಿಸುವುದೇ ಇಂಥ ಮೆದು ನೀಲಿಯನ್ನು.

ಎರಡು ಅಡಿ ಉದ್ದ, ಎರಡು ಅಡಿ ಅಗಲದ ಬಿಳಿ ರಟ್ಟು ಅಥವಾ ಫೋಮ್ ಬೋರ್ಡ್ ತೆಗೆದುಕೊಂಡು ರೋಲರಿನಿಂದ ಎರಡು ಕೋಟ್ ಬಳಿಯಿರಿ. ಅಂಚಿನವರೆಗೂ ಬಳಿಯಬೇಕು. ಸುತ್ತ ಬಿಳಿ ಅಂಚು ಉಳಿದರೆ ಬಣ್ಣ ಇರುವುದಕ್ಕಿಂತ ಗಾಢವೆನಿಸುತ್ತದೆ. ಹಸಿಯಿದ್ದಾಗ ನೋಡಿ ಗಾಬರಿಯಾಗುವುದು ಬೇಡ, ನೀರಿನ ಪೇಂಟು ಒಣಗಿದಂತೆ ಒಂದು ಎಳೆ ಗಾಢವಾಗುತ್ತದೆ. ಒಂದು ರಾತ್ರಿ ಒಣಗಲು ಬಿಟ್ಟೇ ನೋಡಿ. ಹಳೆಯ ಗೋಡೆಯ ಮೇಲೆ ನೇರವಾಗಿ ಮಾದರಿ ಬಳಿಯುವುದಕ್ಕಿಂತ ಈ ಬೋರ್ಡೇ ಮೇಲು. ಗೋಡೆ ಹಳದಿಯೋ ಕೆನೆಯೋ ಆಗಿದ್ದರೆ ಅದರ ನಡುವೆ ಯಾವ ನೀಲಿಯೂ ಅತಿ ನೀಲಿಯಾಗಿಯೇ ಕಾಣುತ್ತದೆ.

ಬೋರ್ಡನ್ನು ಮೇಜಿನ ಮೇಲೆ ಮಲಗಿಸದೆ ಗೋಡೆಗೆ ಆನಿಸಿ ನೇರ ನಿಲ್ಲಿಸಿ. ಒಮ್ಮೆ ಕಿಟಕಿ ಇರುವ ಗೋಡೆಯ ಮೇಲೆ, ಒಮ್ಮೆ ಕಿಟಕಿಯ ಎದುರು ಗೋಡೆಯ ಮೇಲೆ. ಮೊದಲನೆಯದು ಕೋಣೆಯ ಅತಿ ಕತ್ತಲಿನ ಜಾಗ, ಎರಡನೆಯದು ಅತಿ ಬೆಳಕಿನದು. ಬೆಳಿಗ್ಗೆ, ನಡುಮಧ್ಯಾಹ್ನ, ಸಂಜೆ, ದೀಪ ಹಚ್ಚಿದ ಮೇಲೆ ಹೀಗೆ ನಾಲ್ಕು ಹೊತ್ತು ನೋಡಿ, ಅದರಲ್ಲಿ ಒಂದು ದಿನ ಮೋಡದ್ದಾಗಿದ್ದರೆ ಇನ್ನೂ ಒಳ್ಳೆಯದು. ಒಂದು ಹೆಚ್ಚಿನ ಬೋರ್ಡನ್ನು ನಡುವೆ ಮಡಿಚಿ ಮೂಲೆಯಲ್ಲಿ ನಿಲ್ಲಿಸಿದರೆ ಬೆಳಕು ಪುಟಿದು ಗಾಢವಾಗುವುದೆಷ್ಟು ಎನ್ನುವ ಅಂದಾಜೂ ಸಿಗುತ್ತದೆ.

ಎಲ್ಲರೂ ಮಾಡುವ ತಪ್ಪೊಂದಿದೆ: ಎರಡು ಬೋರ್ಡುಗಳನ್ನು ಅಂಟಿಸಿದಂತೆ ಪಕ್ಕಪಕ್ಕ ಇಟ್ಟು ಹೋಲಿಸುವುದು. ಹಾಗಿಟ್ಟರೆ ರೈನ್‌ವಾಶ್ಡ್‌ನ ಹಸಿರು ಅಪ್‌ವರ್ಡ್ ಅನ್ನು ನೇರಳೆಯ ಕಡೆಗೆ ತಳ್ಳುತ್ತದೆ, ಅಪ್‌ವರ್ಡ್‌ನ ನೀಲಿ ರೈನ್‌ವಾಶ್ಡ್ ಅನ್ನು ಹಸಿರಿನ ಕಡೆಗೆ. ನಿಮ್ಮ ಕೋಣೆಯಲ್ಲಿ ಇವೆರಡೂ ಒಟ್ಟಿಗೆ ಇರುವುದಿಲ್ಲವಲ್ಲ. ಒಂದನ್ನು ಪೂರ್ತಿ ಒಂದು ದಿನ ಇಟ್ಟು, ತೆಗೆದು, ಮರುದಿನ ಇನ್ನೊಂದನ್ನು ಇಡಿ. ಪಕ್ಕದಲ್ಲಿ ಇರಬೇಕಾದ್ದು ನಿಮ್ಮ ಬಾಗಿಲಿನ ಬಿಳಿ ಬಣ್ಣ ಮತ್ತು ಪರದೆಯ ಬಟ್ಟೆ.

ಎಷ್ಟು ಬೇಕು, ಎಲ್ಲಿ ಕೆಡುತ್ತದೆ

12 ಅಡಿ ಉದ್ದ, 10 ಅಡಿ ಅಗಲ, 9 ಅಡಿ ಎತ್ತರದ ಕೋಣೆಗೆ ನಾಲ್ಕು ಗೋಡೆ ಸೇರಿ 396 ಚದರಡಿ. ಒಂದು ಬಾಗಿಲಿಗೆ 21, ಎರಡು ಕಿಟಕಿಗೆ 30 ಕಳೆದರೆ 345. ಎರಡು ಕೋಟ್‌ಗೆ 690. ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್, 350ರಿಂದ 400 ಚದರಡಿಗೆ ಬರುತ್ತದೆ. ಎರಡು ಗ್ಯಾಲನ್ ಸಾಕು, ಆದರೆ ಮಿಕ್ಕುವುದು ಬಹಳ ಕಡಿಮೆ. ಪುಟ್ಟಿ ಹೆಚ್ಚು ಹಾಕಿದ ಗೋಡೆ, ಹೊಸ ಗಾರೆ, ಹೀರುವ ಗೋಡೆ ಇದ್ದರೆ ಪ್ರೈಮರ್ ಕೊಡದೆ ಈ ಲೆಕ್ಕ ಹಿಡಿಯಬೇಡಿ. ಮುಂದೆ ಕಲೆ ಮುಚ್ಚಲು ಕಾಲು ಗ್ಯಾಲನ್ ಹೆಚ್ಚಾಗಿಯೇ ತೆಗೆದಿಡಿ.

ಹಳದಿ ಗೋಡೆಯ ಮೇಲೆ ಅಪ್‌ವರ್ಡ್‌ನ ಮೊದಲ ಕೋಟ್ ಹಸಿರಾಗಿ ಕಂಡರೆ ಅದು ಕೆಳಗಿನ ಹಳದಿ ಇಣುಕುತ್ತಿರುವುದು. ಮೂರನೇ ಕೋಟ್‌ಗೆ ದುಬಾರಿ ಪೇಂಟು ಖರ್ಚು ಮಾಡುವ ಬದಲು ಮೊದಲೇ ಒಂದು ಕೋಟ್ ಬಿಳಿ ಪ್ರೈಮರ್ ಬಳಿಯಿರಿ. ಪುಟ್ಟಿ ಹಾಕಿದ ಜಾಗಕ್ಕಂತೂ ಪ್ರೈಮರ್ ಬೇಕೇ ಬೇಕು. ಇಲ್ಲದಿದ್ದರೆ ಅಲ್ಲಿ ಪೇಂಟನ್ನು ಹೀರಿಕೊಂಡು, ಪಕ್ಕದಿಂದ ನೋಡಿದಾಗ ಮಂಕು ತೇಪೆ ಕಾಣುತ್ತದೆ, ಎಷ್ಟು ಕೋಟ್ ಹೊಡೆದರೂ ಹೋಗುವುದಿಲ್ಲ.

ತಿಳಿ ಬಣ್ಣಗಳಿಗೆ ಟಿಂಟಿಂಗ್ ಯಂತ್ರ ಸುರಿಯುವ ಬಣ್ಣದ ಸಾರ ಬಹಳ ಸ್ವಲ್ಪ. ಒಂದು ಹನಿಯ ಏರುಪೇರೂ ಎರಡು ಡಬ್ಬಿಗಳ ನಡುವೆ ಎದ್ದು ಕಾಣಬಹುದು. ಬಳಿಯುವ ಮೊದಲು ಎಲ್ಲ ಡಬ್ಬಿಗಳನ್ನೂ ಒಂದೇ ದೊಡ್ಡ ಬಕೆಟ್ಟಿಗೆ ಸುರಿದು ಕಲಸಿ. ಇದಕ್ಕೆ ಐದು ನಿಮಿಷ ಸಾಕು. ಮಾಡದಿದ್ದರೆ ನಡುಗೋಡೆಯಲ್ಲಿ ಡಬ್ಬಿ ಮುಗಿದ ಜಾಗ ಗೆರೆ ಎಳೆದಂತೆ ಉಳಿಯುತ್ತದೆ. ಒಂದೇ ಸಂಖ್ಯೆಯ ಬಣ್ಣವನ್ನು ಬೇರೆ ದರ್ಜೆಯ ಪೇಂಟಿನಲ್ಲಿ ಕಲಸಿಸಿದರೂ ಬೇಸ್, ಅಂದರೆ ಸಾರ ಬೆರೆಸುವ ಮೂಲ ಪೇಂಟು, ಬೇರೆಯಾದ್ದರಿಂದ ಕೂದಲೆಳೆಯ ವ್ಯತ್ಯಾಸ ಬರುತ್ತದೆ. ಇನ್ನೊಂದು ಕಂಪನಿಯ ಯಂತ್ರದಲ್ಲಿ ಹೊಂದಿಸಿ ಕಲಸಿದರೆ ಅಂಗಡಿಯ ದೀಪದಡಿ ಸರಿಯಾಗಿ ಕಂಡದ್ದು ನಿಮ್ಮ ಕಿಟಕಿಯ ಬೆಳಕಿನಲ್ಲಿ ಬೇರೆಯಾಗಬಹುದು. ಬೆರೆಸಿದ ಸಾರಗಳೇ ಬೇರೆ.

ಅಂಚುಗಳನ್ನು ಬ್ರಷ್‌ನಲ್ಲಿ ಎಳೆದು ಮುಗಿಸಿ, ಮರುದಿನ ರೋಲರ್ ಹಿಡಿದರೆ ಮೇಲ್ಛಾವಣಿಯ ಕೆಳಗೆ ಗಾಢ ಪಟ್ಟಿಯೊಂದು ಚೌಕಟ್ಟು ಕಟ್ಟಿದಂತೆ ಉಳಿಯುತ್ತದೆ. ಒಂದು ಗೋಡೆಯ ಅಂಚು ಎಳೆದು, ಅದು ಹಸಿಯಿರುವಾಗಲೇ ರೋಲರನ್ನು ಅಂಚಿಗೆ ಅರ್ಧ ಅಂಗುಲದವರೆಗೂ ತಂದು ಆ ಗೋಡೆ ಮುಗಿಸಿ, ಆಮೇಲೆ ಮುಂದಿನದಕ್ಕೆ ಹೋಗಿ. ನಯವಾದ ಗೋಡೆಗೆ ಅಂಗುಲದ ಎಂಟರಲ್ಲಿ ಮೂರು ಪಾಲು ಉದ್ದದ ನೂಲಿನ ರೋಲರ್ ಸರಿ. ಎರಡನೇ ಕೋಟ್‌ಗೆ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಕಾಯಿರಿ. ಸಾಮಾನ್ಯವಾಗಿ ನಾಲ್ಕು ಗಂಟೆ, ಹವೆಯಲ್ಲಿ ತೇವ ಹೆಚ್ಚಿದ್ದರೆ ಅದಕ್ಕಿಂತ ಹೆಚ್ಚು.

ಹೊಳಪಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಬಣ್ಣದ ನಿಜರೂಪ ಕಾಣಬೇಕಾದರೆ ಹೊಳಪಿಲ್ಲದ ಮ್ಯಾಟ್. ಮಕ್ಕಳ ಕೈ ತಾಗುವ, ಒರೆಸಬೇಕಾದ ಕಡೆ ತುಸು ಹೊಳಪಿನ ಎಗ್‌ಶೆಲ್ ಅಥವಾ ಇನ್ನಷ್ಟು ಹೊಳೆಯುವ ಸ್ಯಾಟಿನ್. ಸ್ಯಾಟಿನ್ ಆದರೆ ಪಕ್ಕದ ಕಿಟಕಿಯಿಂದ ಬೀಳುವ ಬೆಳಕು ಗೋಡೆಯ ಪ್ರತಿ ಉಬ್ಬುತಗ್ಗನ್ನೂ ತೋರಿಸುತ್ತದೆ, ಪುಟ್ಟಿಯ ಕೆಲಸ ಅಚ್ಚುಕಟ್ಟಾಗಿರಬೇಕು.

ಸ್ನಾನದ ಮನೆಗೆ ಬಳಿದ ಮೇಲೆ ಕೆಲವು ದಿನ ಬಿಸಿನೀರಿನ ಹಬೆ ತಾಗದಂತೆ ನೋಡಿಕೊಳ್ಳಿ. ಪೇಂಟು ಒಳಗಿನಿಂದ ಗಟ್ಟಿಯಾಗುವ ಮೊದಲೇ ಹಬೆ ಕುಳಿತರೆ ಅದರೊಳಗಿನ ಸಾಬೂನಿನಂಥ ಪದಾರ್ಥ ಮೇಲೆ ಬಂದು ಕಂದು ಬಣ್ಣದ ಅಂಟು ಧಾರೆ ಇಳಿಯುತ್ತದೆ. ರೈನ್‌ವಾಶ್ಡ್‌ನಂಥ ತಿಳಿ ಬಣ್ಣದ ಮೇಲೆ ಅದು ಕೊಳೆಯಂತೆ ಕಾಣುತ್ತದೆ. ಮತ್ತೆ ಬಳಿಸುವ ಅಗತ್ಯವಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ, ಎರಡು ಮೂರು ಸಲ ಬಂದು ನಿಲ್ಲುತ್ತದೆ.

ಎರಡೂ ಒಪ್ಪದಿದ್ದರೆ

ನಾಲ್ಕು ಹೊತ್ತು ನೋಡಿದ ಮೇಲೂ ಅಪ್‌ವರ್ಡ್ ತೀರ ತಣ್ಣಗೆ, ರೈನ್‌ವಾಶ್ಡ್ ತೀರ ಹಸಿರು ಎನಿಸಿದರೆ 6225 ಸ್ಲೀಪಿ ಬ್ಲೂ ತರಿಸಿ ನೋಡಿ. ಅದರ ಸಂಖ್ಯೆಗಳು 188, 203, 206, ಎಲ್‌ಆರ್‌ವಿ 58. ನೀಲಿಯೇ ಮೇಲೆ, ಹಸಿರು ಅದರ ಬೆನ್ನಿಗೇ. ಕೆಂಪು ಇನ್ನೂ ಕೆಳಗಿರುವುದರಿಂದ ಮೂರರಲ್ಲಿ ಹೆಚ್ಚು ಬಣ್ಣವಿರುವುದು ಇದರಲ್ಲೇ, ಬೂದಿ ಕಡಿಮೆ. ಬಿಸಿಲಲ್ಲೂ ನೆರಳಲ್ಲೂ ಇದು ನೀಲಿತನ ಬಿಡದು. ಅಪ್‌ವರ್ಡ್‌ನ ಗಾಂಭೀರ್ಯವನ್ನಾಗಲಿ ರೈನ್‌ವಾಶ್ಡ್‌ನ ಮೆದುತನವನ್ನಾಗಲಿ ಕೊಡುವುದಿಲ್ಲ. ಮಕ್ಕಳ ಕೋಣೆಗೆ ಚೆಂದ. ಬರೆಯುವ ಓದುವ ಕೋಣೆಗೆ ನಾವು ಹೇಳುವುದು ಅಪ್‌ವರ್ಡ್ ಅನ್ನೇ.

ಯಾವುದನ್ನೇ ಬಳಿಸಿ, ಮಿಕ್ಕ ಪೇಂಟನ್ನು ಚಿಕ್ಕ ಡಬ್ಬಿಗೆ ಕಂಠದವರೆಗೆ ತುಂಬಿಸಿ ಮುಚ್ಚಳ ಬಿಗಿ ಮಾಡಿ. ಬಣ್ಣದ ಸಂಖ್ಯೆ, ಪೇಂಟಿನ ಹೆಸರು, ಹೊಳಪಿನ ಬಗೆ, ಬಳಿದ ತಿಂಗಳು ಇಷ್ಟನ್ನೂ ಡಬ್ಬಿಯ ಮೈಮೇಲೆ ಬರೆಯಿರಿ. ಮುಚ್ಚಳದ ಮೇಲೆ ಬರೆದರೆ ಮುಚ್ಚಳಗಳು ಅದಲುಬದಲಾದ ದಿನ ಎರಡು ತಿಳಿ ನೀಲಿಗಳಲ್ಲಿ ಯಾವುದು ಯಾವುದೆಂದು ಹಸಿ ಪೇಂಟು ನೋಡಿ ಹೇಳಲಾಗದು.